ಬೆಲ್ಲದ ಕಾಫಿ ಕುಡಿದ ಕೀಬೋರ್ಡ್

ಮಡಿಕೇರಿಯ ಜುಲೈ ಮಳೆಗೆ ಗೋಡೆಯೇ ಬೆವರುತ್ತದೆ, ಲ್ಯಾಪ್‌ಟಾಪ್ ಯಾವ ಲೆಕ್ಕ? ಸಾಲದ್ದಕ್ಕೆ ಅರ್ಧ ಲೋಟ ಬೆಲ್ಲದ ಕಾಫಿಯನ್ನೂ ಚೆಲ್ಲಿಕೊಂಡೆ. ಒಣಗಿದ ಮೇಲೂ ‘ಎ’, ‘ಎಸ್’ ಕೀಗಳು ಅಂಟಿಕೊಂಡೇ ಇದ್ದವು.

ಮಾಡೆಲ್ ನಂಬರ್ ನೋಡಿ ಹೊಸ ಕೀಬೋರ್ಡ್ ತರಿಸಿದೆ. ನನ್ನದು ಹಳೇ ಲ್ಯಾಪ್‌ಟಾಪ್, ಕೀಬೋರ್ಡ್ ಮೇಲಿನಿಂದಲೇ ಬಿಚ್ಚಿ ಬರುತ್ತದೆ. ಚಾರ್ಜರ್, ಬ್ಯಾಟರಿ ಎರಡೂ ತೆಗೆದೆ. ಹಿಂದಿನ ಸ್ಕ್ರೂ ಬಿಚ್ಚಿ, ಹಳೇ ಎಟಿಎಂ ಕಾರ್ಡಿನಿಂದ ಅಂಚು ಮೀಟಿದೆ. ಸುಮ್ನೆ ಎಳೆಯಬಾರದು. ಕೆಳಗೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಇರುತ್ತದೆ. ಅದನ್ನು ಹಿಡಿದಿರುವ ಕಪ್ಪು ಲಾಕ್ ಅಕ್ಕಿಕಾಳಿನಷ್ಟು ದಪ್ಪ, ಅಷ್ಟೇ. ಉಗುರಿನಿಂದ ಮೆಲ್ಲಗೆ ಎತ್ತಿದರೆ ಕೇಬಲ್ ತಾನಾಗಿ ಜಾರುತ್ತದೆ.

ಹೊಸದು ಮೊದಲ ಸಲ ಕೆಲಸ ಮಾಡಲಿಲ್ಲ. ಕೇಬಲ್ ಓರೆಯಾಗಿ ಕೂತಿತ್ತು. ಮತ್ತೆ ಬ್ಯಾಟರಿ ತೆಗೆದು, ನೇರ ಮಾಡಿ ಲಾಕ್ ಒತ್ತಿದೆ. ಸದ್ಯ, ಸ್ಕ್ರೂ ಹಾಕುವ ಮೊದಲೇ ನೋಡಿದ್ದೆ. ಈಗ ಎಲ್ಲಾ ಕೀ ಸರಿಯಾಗಿವೆ. ಒಂದು ಸ್ಕ್ರೂ ಮಾತ್ರ ಜಾಸ್ತಿ ಉಳಿದಿದೆ, ಎಲ್ಲಿಯದೋ!