ಮುನ್ನೂರೈವತ್ತು ಇಟ್ಟಿಗೆ

ಹಾಸನದಲ್ಲಿ ಪಶುವೈದ್ಯೆಯಾಗಿ ನಾನು ಬರೆದುಕೊಟ್ಟ ಮೊದಲ ಗಾಯದ ಸರ್ಟಿಫಿಕೇಟು ಕೋರ್ಟಿನಲ್ಲಿ ನಿಲ್ಲಲಿಲ್ಲ. ಅದರಲ್ಲಿದ್ದದ್ದು ಎರಡೇ ಮಾತು: ಎತ್ತಿನ ಹೆಗಲ ಮೇಲೆ ಗಾಯವಿದೆ, ಪ್ರಾಣಿಗೆ ಹಿಂಸೆ ಕೊಡಲಾಗಿದೆ. ಎದುರಿನ ವಕೀಲರು ಮೂರು ಪ್ರಶ್ನೆ ಕೇಳಿದರು. ಗಾಯ ಎಷ್ಟು ಅಗಲ? ಎಷ್ಟು ದಿನದ್ದು? ಬೇಲಿಯ ತಂತಿ ತಾಗಿ ಆದದ್ದಲ್ಲ ಅಂತ ಹೇಗೆ ಹೇಳ್ತೀರಿ? ನಾನು ಕಂಡದ್ದೆಲ್ಲ ನಿಜವೇ, ಆದರೆ ಕಾಗದದಲ್ಲಿ ಅದು ಇರಲಿಲ್ಲ. ಆ ಎತ್ತು ಮರುದಿನವೂ ಗಾಡಿ ಎಳೆಯಿತು. ನೆನೆದರೆ ಈಗಲೂ ಹೊಟ್ಟೆ ಹಿಂಡಿದಂತಾಗುತ್ತದೆ.

ಅದಾದ ಮೇಲೆ ಕಾಯ್ದೆಯನ್ನು ನಾನೇ ಕೂತು ಓದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆ ಇದಕ್ಕೆ ಬೀಜ. 3ನೇ ಕಲಂ ಪ್ರಾಣಿಯನ್ನು ಸಾಕುವವರ ಕರ್ತವ್ಯ ಹೇಳುತ್ತದೆ, 11ನೇ ಕಲಂ ಯಾವುದು ಹಿಂಸೆ ಎಂದು ಬಿಡಿಸಿ ಹೇಳುತ್ತದೆ. ಹೊಡೆಯುವುದು, ಒದೆಯುವುದು, ಮಿತಿಮೀರಿ ಹೇರುವುದು ಮಾತ್ರವಲ್ಲ. ಮುದಿಯಾದ, ರೋಗದ, ಗಾಯವಾದ ಪ್ರಾಣಿಯನ್ನು ಕೆಲಸಕ್ಕೆ ಹೂಡುವುದೂ ಹಿಂಸೆ. ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಮೇವು ನೀರು ನೆರಳು ಕೊಡದಿರುವುದು, ಕಾರಣವಿಲ್ಲದೆ ಬೀದಿಗೆ ಬಿಡುವುದು, ಎಲ್ಲವೂ ಅದರಲ್ಲಿವೆ.

ಅಲ್ಲಿ ಮತ್ತೆ ಮತ್ತೆ ಬರುವ ಮಾತು ‘ಅನಗತ್ಯ ನೋವು ಅಥವಾ ಯಾತನೆ’. ಆ ‘ಅನಗತ್ಯ’ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ನಾನೂ ದಿನಾ ನೋವು ಕೊಡುವವಳೇ. ಬಾವು ಕೊಯ್ಯುತ್ತೇನೆ, ಸೂಜಿ ಚುಚ್ಚುತ್ತೇನೆ, ಹೋರಿಕರುವಿನ ಬೀಜ ಒಡೆಯುತ್ತೇನೆ. ಬೀಜ ಒಡೆಯುವುದನ್ನು, ಮೂಗುದಾರ ಹಾಕುವುದನ್ನು, ಕೊಂಬು ತೆಗೆಯುವುದನ್ನು ನಿಯಮದ ರೀತಿಯಲ್ಲಿ ಮಾಡಿದರೆ ಅದು ಹಿಂಸೆಯಲ್ಲ ಎಂದು ಅದೇ 11ನೇ ಕಲಂ ಹೇಳುತ್ತದೆ. ಹಿಂದೆ ಊರಲ್ಲಿ ಕರುವನ್ನು ಕೆಡವಿ, ಎರಡು ಕೋಲಿನ ನಡುವೆ ಇಟ್ಟು ಕಲ್ಲಿನಲ್ಲಿ ಜಜ್ಜುತ್ತಿದ್ದರು. ನಾವು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮ ಕೊಯ್ಯದೆ ಬೀಜದ ನಾಳ ಹಿಸುಕುವ ಬರ್ಡಿಜೊ ಇಕ್ಕಳದಲ್ಲಿ ಮುಗಿಸುತ್ತೇವೆ. ಕೆಲಸ ಅದೇ, ನೋವು ಅದೇ ಅಲ್ಲ. ಹೀಗೂ ಮಾಡಬಹುದಿತ್ತು ಎಂಬ ದಾರಿ ಎದುರಿಗಿದ್ದೂ ಕೊಟ್ಟ ನೋವು ಅನಗತ್ಯದ್ದು. ನನ್ನ ಕಾಗದ ತೋರಿಸಬೇಕಾದದ್ದು ಅದನ್ನೇ. ಹಿಂಸೆಯಾಯಿತೋ ಇಲ್ಲವೋ ಎಂಬ ತೀರ್ಮಾನ ನ್ಯಾಯಾಧೀಶರದು. ಅಳೆದು ಬರೆಯುವುದು ನನ್ನದು.

ಅಳೆಯುವುದಕ್ಕೆ ಸೇರು ಪಾವು ಎಲ್ಲ 1965ರ ನಿಯಮಗಳಲ್ಲಿವೆ, ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆಂದೇ ಮಾಡಿದವು. ಎತ್ತಿನ ತೂಕ 200 ಕಿಲೋ ಮೀರದಿದ್ದರೆ ಸಣ್ಣದು, 350ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ದೊಡ್ಡದು. ಗಾಳಿ ಟೈರಿನ ಎರಡು ಚಕ್ರದ ಗಾಡಿಗೆ ಕಟ್ಟಿದ ಸಣ್ಣ ಎತ್ತು 750 ಕಿಲೋ, ಮಧ್ಯಮದ್ದು 1050, ದೊಡ್ಡದು 1350 ಎಳೆಯಬಹುದು. ಟೈರಿಲ್ಲದ ಗಾಡಿಗೆ 500, 700, 900. ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಬಾರದು, ಒಂದೇ ಸಮನೆ ಐದು ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡುವಂತಿಲ್ಲ. ನಮ್ಮ ಹಾಸನದಲ್ಲಿ ಅಂಥ ಬಿಸಿಲು ಅಪರೂಪ, ಹಾಗಾಗಿ ಇಲ್ಲಿ ನೋಡಬೇಕಾದದ್ದು ಗಂಟೆ ಮತ್ತು ಹೇರು.

ಸಾಲಗಾಮೆ ರಸ್ತೆಯಲ್ಲಿ ಇಟ್ಟಿಗೆ ಹೇರಿದ ಒಂಟೆತ್ತಿನ ಗಾಡಿಯೊಂದು ನಿಂತಿದೆ, ಎತ್ತು ಮಂಡಿಯೂರಿದೆ ಎಂದು ಯಾರೋ ಫೋನ್ ಮಾಡಿದಾಗ ಈ ನಿಯಮದ ಪ್ರತಿ ನನ್ನ ಚೀಲದಲ್ಲಿತ್ತು. ಜೊತೆಗೆ ದರ್ಜಿ ಟೇಪು. ಹೋಗುವ ದಾರಿಯಲ್ಲೇ ಠಾಣೆಗೆ ಹೇಳಿದೆ. ತೂಕ ಮಾಡಿಸಲು ಗಾಡಿಯನ್ನು ವೇಬ್ರಿಡ್ಜಿಗೆ ಕರೆದೊಯ್ಯುವ ಅಧಿಕಾರ ಕಾನ್‌ಸ್ಟೇಬಲ್‌ಗಿಂತ ಮೇಲಿನ ಪೊಲೀಸರಿಗೆ ಇದೆ. ಒಬ್ಬ ಎಎಸ್‌ಐ ಬಂದರು.

ಹಳ್ಳಿಕಾರ್ ಬೆರಕೆಯ ಎತ್ತು, ಬಾಯಿಗೂಡಿದೆ, ಎಂದರೆ ಹಲ್ಲೆಲ್ಲ ಬಂದ ವಯಸ್ಸು. ಮೊದಲು ನೊಗ ಇಳಿಸಿ, ನೀರು ಕುಡಿಸಿ, ನೆರಳಿಗೆ ಕಟ್ಟಿಸಿದೆ. ಇಪ್ಪತ್ತು ನಿಮಿಷ ಸುಧಾರಿಸಿಕೊಂಡ ಮೇಲೂ ನಿಮಿಷಕ್ಕೆ 44 ಉಸಿರು. ಆರೋಗ್ಯದ ಎತ್ತು ನೆರಳಲ್ಲಿ ನಿಂತರೆ ಮೂವತ್ತರ ಒಳಗಿರಬೇಕು. ಎದೆ ಸುತ್ತಳತೆ 165 ಸೆಂಟಿಮೀಟರ್, ಹೆಗಲ ಮೂಳೆಯಿಂದ ಪಿರ್ರೆ ಮೂಳೆಯವರೆಗೆ ಉದ್ದ 135. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10840ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. 339 ಬಂತು. ಮಧ್ಯಮ ಎತ್ತು.

ಹಿಣಿಲಿನ ಮುಂದೆ, ನಡುಗೆರೆಯಿಂದ 7 ಸೆಂಟಿಮೀಟರ್ ಎಡಕ್ಕೆ ಗಾಯ. 9 ಉದ್ದ, 6 ಅಗಲ. ಅಂಚಿನ ಚರ್ಮ ದಪ್ಪಗಟ್ಟಿ ಜಡ್ಡಾಗಿತ್ತು, ಒಳಗೆ ಕೀವು, ನಡುವೆ ಹಸಿ ರಕ್ತ. ಜಡ್ಡು ಒಂದು ದಿನದಲ್ಲಿ ಕಟ್ಟುವುದಿಲ್ಲ, ಹಸಿ ರಕ್ತ ವಾರದ ಹಿಂದಿನದಲ್ಲ. ಎಂದರೆ ಹಳೆಯ ಗಾಯದ ಮೇಲೇ ಅಂದೂ ನೊಗ ಕೂತಿತ್ತು. ನೊಗವನ್ನು ಮತ್ತೆ ಅದರ ಕತ್ತಿಗಿಟ್ಟು ನೋಡಲು ಮನಸ್ಸು ಬರಲಿಲ್ಲ, ಹಾಗಾಗಿ ನೊಗವನ್ನೇ ಅಳೆದೆ. ಅದರ ನಡುವಿನಿಂದ 7 ಸೆಂಟಿಮೀಟರ್ ಎಡಕ್ಕೆ ಒಂದು ಬೋಲ್ಟಿನ ತಲೆ ಹೊರಗೆ ಎದ್ದಿತ್ತು. ಎರಡರ ಪಕ್ಕವೂ ಟೇಪಿಟ್ಟು ಫೋಟೊ ತೆಗೆದೆ. ಬೇಲಿಯ ತಂತಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಬಾಲದ ಬುಡದಲ್ಲಿ ಚುಚ್ಚಿದ 14 ಗುರುತು ಎಣಿಸಿದೆ. ಹುಡುಗನ ಕೈಯ ಕೋಲಿನ ತುದಿಯಲ್ಲಿ ಮೊಳೆ. ಮೊಳೆಗೋಲನ್ನು, ಮುಳ್ಳಿನ ಕಡಿವಾಣವನ್ನು, ಚೂಪು ಚಾಚಿದ ನೊಗವನ್ನು ನಿಯಮ ನೇರವಾಗಿ ನಿಷೇಧಿಸುತ್ತದೆ.

ವೇಬ್ರಿಡ್ಜಿನಲ್ಲಿ ಎತ್ತು ಬಿಟ್ಟು ಗಾಡಿ ಮಾತ್ರ 1810 ಕಿಲೋ, ಇಟ್ಟಿಗೆ ಇಳಿಸಿದ ಮೇಲೆ 350. ಹೇರು 1460. ಟೈರಿನ ಗಾಡಿ, ಮಧ್ಯಮ ಎತ್ತು, ಮಿತಿ 1050. ಅದಕ್ಕಿಂತ 410 ಕಿಲೋ ಜಾಸ್ತಿ. ಆ ಚೀಟಿಯನ್ನು ಎಎಸ್‌ಐ ಸಹಿಯೊಂದಿಗೆ ಸರ್ಟಿಫಿಕೇಟಿಗೆ ಲಗತ್ತಿಸಿದೆ. ಈ ಸಲ ‘ಹಿಂಸೆ’ ಎಂಬ ಪದವನ್ನು ನಾನು ಎಲ್ಲೂ ಬರೆಯಲಿಲ್ಲ. ಕೊನೆಯ ಸಾಲು ಇಷ್ಟೇ: ಈ ಎತ್ತು ಆರು ವಾರ ನೊಗ ಹೊರಲು ಯೋಗ್ಯವಲ್ಲ.

ಗಾಡಿ ಹೊಡೆಯುತ್ತಿದ್ದ ಹುಡುಗ ದಿನಗೂಲಿಯವನು. ‘ಟ್ರಿಪ್ಪಿಗೆ ಇಷ್ಟು ಅಂತ ಕೊಡ್ತಾರೆ ಡಾಕ್ಟ್ರಮ್ಮ, ಇಟ್ಟಿಗೆಗಲ್ಲ. ಅವ್ರೇ ಐನೂರು ಹೇರಿಸ್ತಾರೆ. ಕಮ್ಮಿ ಹಾಕಿ ಅಂದ್ರೆ ನಾಳೆಯಿಂದ ಬೇರೆ ಗಾಡಿ ಕರೀತಾರೆ’ ಎಂದ. ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಕಾಯ್ದೆಯೂ ಅವನೊಬ್ಬನನ್ನೇ ನೋಡುವುದಿಲ್ಲ. ಮಾಡಿದವನು, ಮಾಡಿಸಿದವನು, ಮಾಡಲು ಬಿಟ್ಟ ಒಡೆಯ, ಮೂವರೂ ಅದರಲ್ಲಿದ್ದಾರೆ. ಸರಿಯಾದ ನಿಗಾ ಇಡದ ಒಡೆಯನೂ ತಪ್ಪಿತಸ್ಥನೇ.

ಠಾಣೆಯಲ್ಲಿ ಎನ್‌ಸಿ, ಅಂದರೆ ಅಸಂಜ್ಞೇಯ ಪ್ರಕರಣ ಆಯಿತು. ಹೇರು, ಹೊಡೆತ, ಗಾಯಗೊಂಡ ಎತ್ತಿನ ದುಡಿಮೆ ಇವುಗಳಲ್ಲಿ ಪೊಲೀಸರು ವಾರಂಟಿಲ್ಲದೆ ಹಿಡಿಯುವಂತಿಲ್ಲ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕೊಂದರೆ, ಅಂಗ ಊನ ಮಾಡಿದರೆ ಮಾತು ಬೇರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ನಮ್ಮದು ಎನ್‌ಸಿ ಆದ್ದರಿಂದ ನಾನು ಬೆನ್ನುಬಿದ್ದೆ. ಘಟನೆಯಾದ ಮೂರು ತಿಂಗಳೊಳಗೆ ಕೋರ್ಟು ಮುಟ್ಟದಿದ್ದರೆ 1960ರ ಕಾಯ್ದೆಯ 36ನೇ ಕಲಮಿನಡಿ ಪ್ರಕರಣವೇ ಬೀಳುತ್ತದೆ. ಹಿಂದೊಮ್ಮೆ ಒಂದು ಕುದುರೆಯ ವಿಷಯದಲ್ಲಿ ಕಾಗದ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಅವಧಿ ಮುಗಿದಿತ್ತು. ಈ ಸಲ ಹತ್ತೊಂಬತ್ತನೇ ದಿನಕ್ಕೆ ಮುಟ್ಟಿಸಿದೆ.

ಹುಡುಗ, ಎತ್ತಿನ ಒಡೆಯ ಇಬ್ಬರೂ ತಪ್ಪೊಪ್ಪಿಕೊಂಡರು. ತಲಾ 50 ರೂಪಾಯಿ ದಂಡ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ, ದಶಕಗಳಿಂದ ಅದೇ. ವೇಬ್ರಿಡ್ಜಿನ ಚೀಟಿಗೇ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ. ಈ ಮೊತ್ತ ಬದಲಾಗಲೇಬೇಕು, ಸಿಕ್ಕವರಿಗೆಲ್ಲ ಇದನ್ನು ಹೇಳುತ್ತೇನೆ. ಇಟ್ಟಿಗೆ ಹೇರಿಸಿದ ವ್ಯಾಪಾರಿಯ ಹೆಸರು ಮಾತ್ರ ಕೋರ್ಟಿಗೆ ಹೋಗಲಿಲ್ಲ. ಅವರೇ ಹೇರಿಸಿದರು ಎಂದು ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ.

ಆದರೆ ಎತ್ತಿಗೆ ಬೇಕಿದ್ದದ್ದು ಆರು ವಾರದ ಬಿಡುವು, ಅದು ಸಿಕ್ಕಿತು. ಮ್ಯಾಜಿಸ್ಟ್ರೇಟರು ಬಯಸಿದರೆ ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಕಳಿಸಿ ಅದರ ಖರ್ಚನ್ನು ಒಡೆಯನಿಂದಲೇ ವಸೂಲು ಮಾಡಬಹುದು ಎಂದು 35ನೇ ಕಲಮನ್ನು ಓದಿ ಹೇಳಿದಾಗ, ಒಡೆಯ ತಾನೇ ಕೊಟ್ಟಿಗೆಯಲ್ಲಿ ಬಿಟ್ಟುಕೊಂಡ. ವಾರಕ್ಕೆರಡು ಸಲ ಹೋಗಿ ಗಾಯ ತೊಳೆದೆ. ಬೋಲ್ಟಿನ ತಲೆಯನ್ನು ಬಡಗಿ ಒಳಗೆ ಇಳಿಸಿ, ನೊಗಕ್ಕೆ ಗೋಣಿ ಸುತ್ತಿಕೊಟ್ಟ.

ಓಟದ ಎತ್ತುಗಳ ಬಗ್ಗೆ ಆ ಒಡೆಯ ನನ್ನನ್ನು ಕೇಳಿದ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಗಾಡಿ ಓಟಗಳನ್ನು ತಡೆದದ್ದು, ಆಮೇಲೆ ನಮ್ಮ ರಾಜ್ಯ ಕಂಬಳಕ್ಕೂ ಗಾಡಿ ಓಟಕ್ಕೂ ತಿದ್ದುಪಡಿ ತಂದದ್ದು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಅದನ್ನು ಒಪ್ಪಿದ್ದು ಹೇಳಿದೆ. ಆ ವಿನಾಯಿತಿ ಓಟಕ್ಕೆ, ಇಟ್ಟಿಗೆಯ ಗಾಡಿಗಲ್ಲ ಎಂದೂ ಹೇಳಿದೆ.

ಅವನ ಮುಂದಿನ ಪ್ರಶ್ನೆ ನನ್ನ ಕೆಲಸದ ರೀತಿಯನ್ನೇ ತಿರುಗಿಸಿತು. ‘ಸಾವಿರದ ಐವತ್ತು ಕಿಲೋ ಅಂದ್ರೆ ನಮಗೆ ಹೆಂಗೆ ಗೊತ್ತಾಗ್ಬೇಕು? ದಿನಾ ವೇಬ್ರಿಡ್ಜಿಗೆ ಹೋಗಕ್ಕಾಯ್ತದಾ?’ ಸರಿಯಾದ ಮಾತು. ಆಸ್ಪತ್ರೆಯ ತಕ್ಕಡಿಯಲ್ಲಿ ಹತ್ತು ಇಟ್ಟಿಗೆ ತೂಗಿದೆವು, 29 ಕಿಲೋ. 1050ಕ್ಕೆ 362 ಇಟ್ಟಿಗೆ. ಒದ್ದೆ ಇಟ್ಟಿಗೆ ಭಾರ ಎಂದು ಕೈಬಿಗಿ ಮಾಡಿ 350 ಎಂದುಕೊಂಡೆವು. ಗಾಡಿಯ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ 350 ಎಂದು ಬರೆಸಿದ, ಅಷ್ಟು ಎತ್ತರಕ್ಕೆ ಒಂದು ಗೆರೆಯನ್ನೂ ಎಳೆಸಿದ. ತಿಂಗಳೊಳಗೆ ಅವನ ಉಳಿದೆರಡು ಗಾಡಿಗೂ, ಅದೇ ಇಟ್ಟಿಗೆ ಗೂಡಿಗೆ ಹೋಗುವ ಬೇರೆಯವರ ಗಾಡಿಗೂ ಗೆರೆ ಬಂತು. ಎಲ್ಲರೂ ಒಂದೇ ಗೆರೆ ತೋರಿಸತೊಡಗಿದ ಮೇಲೆ, ಸಾವಿರ ಇಟ್ಟಿಗೆಗೆ ಎರಡರ ಬದಲು ಮೂರು ಟ್ರಿಪ್ಪಿನ ದುಡ್ಡು ಕೊಡದೆ ವ್ಯಾಪಾರಿಗೆ ದಾರಿಯಿರಲಿಲ್ಲ.

ಹೋದ ತಿಂಗಳು ತಣ್ಣೀರುಹಳ್ಳದ ಹತ್ತಿರ ಹೊಸ ಗಾಡಿಯೊಂದು ಕಂಡಿತು. ಹಲಗೆಯ ಮೇಲೆ 350 ಇತ್ತು, ಆದರೆ ಎತ್ತು ಸಣ್ಣದು. ನಿಲ್ಲಿಸಿ ಟೇಪು ತೆಗೆದೆ. ಸುತ್ತಳತೆ 135, ಉದ್ದ 112. ಲೆಕ್ಕ ಹಾಕಿದರೆ 188 ಕಿಲೋ. ಇದಕ್ಕೆ 750ರ ಮಿತಿ, ಅಂದರೆ 250 ಇಟ್ಟಿಗೆ ಎಂದೆ. ಗಾಡಿಯವನು ಎತ್ತಿನ ಮುಖ ನೋಡಿದ, ನನ್ನ ಟೇಪು ನೋಡಿದ. ಆಮೇಲೆ ಏನೂ ಹೇಳದೆ ಗಾಡಿಯ ಹಿಂದಕ್ಕೆ ಹೋಗಿ ಮೇಲಿನ ಸಾಲಿನ ಇಟ್ಟಿಗೆಗಳನ್ನು ಒಂದೊಂದಾಗಿ ರಸ್ತೆಬದಿಗೆ ಇಳಿಸತೊಡಗಿದ. ನಾನೂ ಕೈಹಾಕಿದೆ.