ಹೊಳೆ ತಿರುವಿನ ತಕರಾರು: ಅರ್ಜಿ ಹಾಕುವ ಮೊದಲಿನ ಕೆಲಸ

ಉತ್ತರ ಕನ್ನಡದ ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯ ಕಾಗದ ಹಿಡಿದು, ತಕರಾರು ಹಾಕಬೇಕೆಂದು ಬಂದವರೆಲ್ಲ ಮೊದಲು ಕೇಳುವುದು ಯಾವ ಕೋರ್ಟಿಗೆ ಹೋಗಬೇಕು ಎಂದು. ನಾನು ಮೊದಲು ನೋಡುವುದು ಯೋಜನೆಯಲ್ಲಿ ನೀರು ಯಾತಕ್ಕೆ ಎಂದು ಬರೆದಿದ್ದಾರೆ ಎಂಬುದನ್ನು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

2006ರ ಪರಿಸರ ಅಧಿಸೂಚನೆ ನೀರಾವರಿ ಯೋಜನೆಯನ್ನು ಅಚ್ಚುಕಟ್ಟಿನ ಮೇಲೆ ಅಳೆಯುತ್ತದೆ. 2018ರ ತಿದ್ದುಪಡಿಯ ನಂತರ 50,000 ಹೆಕ್ಟೇರ್ ಮುಟ್ಟಿದರೆ ಕೇಂದ್ರದ ಅನುಮತಿ, 2,000ದಿಂದ ಅಲ್ಲಿಯವರೆಗೆ ರಾಜ್ಯದ ಪ್ರಾಧಿಕಾರ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಹಳೆಯ ಪ್ರಸ್ತಾವದಲ್ಲಿ ಬೇಡ್ತಿಯಿಂದ 242 ದಶಲಕ್ಷ ಘನ ಮೀಟರ್ (ಸುಮಾರು 8.5 ಟಿಎಂಸಿ) ನೀರು, 60,000 ಹೆಕ್ಟೇರ್ ಆಸುಪಾಸಿನ ನೀರಾವರಿ ಇತ್ತು. ಅದೇ ನೀರಿಗೆ ‘ಕುಡಿಯುವ ನೀರು’ ಎಂಬ ಹಣೆಪಟ್ಟಿ ಹಚ್ಚಿದರೆ ಯೋಜನೆ ಈ ಪಟ್ಟಿಯಿಂದಲೇ ಆಚೆ ಹೋಗುತ್ತದೆ. ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಎತ್ತಿನಹೊಳೆಯ 24.01 ಟಿಎಂಸಿ ಹೊರಟದ್ದು ಈ ದಾರಿಯಲ್ಲೇ.

ಹಣೆಪಟ್ಟಿ ನಿಜವೋ ಅಲ್ಲವೋ ನೋಡಲು ಒಂದು ಭಾಗಾಕಾರ ಸಾಕು. ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ ಮಿಷನ್ನಿನ ಅಳತೆ. ಆ ಲೆಕ್ಕಕ್ಕೆ ಒಂದು ಟಿಎಂಸಿ ಸುಮಾರು 14 ಲಕ್ಷ ಜನರಿಗೆ ವರ್ಷವಿಡೀ ಆಗುತ್ತದೆ. ಪಟ್ಟಣದ 135 ಲೀಟರ್ ಹಿಡಿದರೂ ಐದೂಮುಕ್ಕಾಲು ಲಕ್ಷಕ್ಕೆ. ಸೋರಿಕೆಗೆ ಮೂರನೇ ಒಂದು ಭಾಗ ಕಳೆದು, ಡಿಪಿಆರ್‌ನಲ್ಲಿರುವ (ವಿವರವಾದ ಯೋಜನಾ ವರದಿಯಲ್ಲಿರುವ) ಊರುಗಳ ಜನಸಂಖ್ಯೆಗೆ ಹೋಲಿಸಿ. ಉಳಿದ ನೀರು ‘ಕೆರೆ ತುಂಬಿಸುವುದು’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಆ ಕೆರೆಗಳ ಅಚ್ಚುಕಟ್ಟು ಎಷ್ಟು ಎಂಬುದೇ ತಕರಾರಿನ ಮೊದಲ ಕಲಮು.

ದಾಖಲೆ ಕೇಳುವಾಗ ಕೈ ಬಿಗಿ ಇರಲಿ. ರಾಜ್ಯದ ಇಲಾಖೆಗೆ ಹಾಕುವ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು; ದಾಟಿದರೆ ಅದನ್ನೇ ನೆಪ ಮಾಡಿ, ಮಾಹಿತಿ ಕೊಡದೆ ಹಿಂಬರಹ ಕೊಡುತ್ತಾರೆ. ಕೇಂದ್ರದ ಸಂಸ್ಥೆಗಾದರೆ 500 ಪದ. ಶುಲ್ಕ ಎರಡಕ್ಕೂ 10 ರೂಪಾಯಿ, ಅವಧಿ 30 ದಿನ. ‘ಯೋಜನೆಯ ಎಲ್ಲ ದಾಖಲೆ’ ಎಂದು ಬರೆದರೆ ಏನೂ ಬರುವುದಿಲ್ಲ. ಜಲಲಭ್ಯತೆಯ ಅಧ್ಯಾಯ, ಶೇ. 75 ಭರವಸೆಯ ಹರಿವಿನ ಕೋಷ್ಟಕ, ಅದಕ್ಕೆ ಬಳಸಿದ ಮಾಪನ ಕೇಂದ್ರದ ತಿಂಗಳವಾರು ಅಂಕಿ: ಹೀಗೆ ಬಿಡಿಬಿಡಿಯಾಗಿ ಕೇಳಬೇಕು. ನೂರು ವರ್ಷದಲ್ಲಿ 75 ವರ್ಷ ಸಿಗುವ ನೀರು ಎಂಬ ಈ ವಾರ್ಷಿಕ ಮೊತ್ತದಲ್ಲಿ ಜುಲೈ, ಆಗಸ್ಟಿನ ನೆರೆಯೇ ದೊಡ್ಡ ಪಾಲು. ‘ಹೆಚ್ಚುವರಿ ನೀರು’ ಹುಟ್ಟುವುದು ಅಲ್ಲಿ. ಏಪ್ರಿಲ್ಲಿನ ಸಾಲನ್ನು ಬೇರೆ ಮಾಡಿ ತೋರಿಸದ ಆಕ್ಷೇಪಣೆಗೆ ತೂಕವಿಲ್ಲ.

ಆ ಏಪ್ರಿಲ್ ಅಂಕಿಯನ್ನು ಊರಿನವರೇ ಅಳೆಯಬಹುದು. ಬಂಡೆ, ಸುಳಿ ಇಲ್ಲದ ನೇರ ಹತ್ತು ಮೀಟರ್ ಹಳ್ಳ ಆರಿಸಿ. ಅಗಲವನ್ನು ಐದಾರು ಭಾಗ ಮಾಡಿ ಪ್ರತಿ ಭಾಗದ ಆಳ ಅಳೆದು ಸರಾಸರಿ ತೆಗೆಯಿರಿ. ಮುಕ್ಕಾಲು ನೀರು ತುಂಬಿದ ಸಣ್ಣ ಬಾಟಲಿ ತೇಲಿಬಿಟ್ಟು ಐದು ಸಲ ಸಮಯ ನೋಡಿ. ಖಾಲಿ ಬಾಟಲಿಯನ್ನು ಗಾಳಿ ಎಳೆಯುತ್ತದೆ. ಮೇಲ್ಮೈ ನೀರು ತಳದ ನೀರಿಗಿಂತ ಜೋರು ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ 6 ಮೀಟರ್, ಆಳ 0.3 ಮೀಟರ್, ಹತ್ತು ಮೀಟರಿಗೆ 25 ಸೆಕೆಂಡ್ ಆದರೆ ಹರಿವು ಸೆಕೆಂಡಿಗೆ 0.61 ಘನ ಮೀಟರ್, ಅಂದರೆ 21–22 ಕ್ಯುಸೆಕ್ (ಸೆಕೆಂಡಿಗೆ ಘನ ಅಡಿ). ಮೇಲಿನ ತೋಟಗಳ ಪಂಪ್‌ಸೆಟ್ ನಡೆಯುತ್ತಿದ್ದರೆ, ಒಡ್ಡು ಕಟ್ಟಿದ್ದರೆ ಲೆಕ್ಕ ಕೆಡುತ್ತದೆ. ಅದನ್ನು ಹಾಳೆಯಲ್ಲೇ ಬರೆದಿಡಿ. ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಪಂಚಾಯತಿಯವರ ಸಹಿ, ಅಳತೆ ಕೋಲು ಕಾಣುವ ಫೋಟೊ ಬೇಕು. ಇಷ್ಟಾದರೂ ಇದು ಅಧಿಕೃತ ಮಾಪನಕ್ಕೆ ಬದಲಿ ಅಲ್ಲ, ಅಧಿಕೃತ ಮಾಪನ ಕೇಳಲು ಆಧಾರ.

ಕೆಳಗೆ ಬೇಡ್ತಿ ಗಂಗಾವಳಿ ಎಂಬ ಹೆಸರಲ್ಲಿ ಸಮುದ್ರ ಸೇರುವ ಅಳಿವೆಯ ಕಡೆಯವರದು ಉಪ್ಪಿನ ಪ್ರಶ್ನೆ: ಹೊಳೆ ಸೊರಗಿದರೆ ಉಪ್ಪುನೀರು ಬಾವಿಗೆ ಬರುತ್ತದೆಯೇ ಎಂದು. ಮಾರ್ಚ್‌ನಿಂದ ಮೇವರೆಗೆ ಹುಣ್ಣಿಮೆ, ಅಮಾವಾಸ್ಯೆಯ ಭರತದಲ್ಲಿ (ಸಮುದ್ರದ ಉಬ್ಬರದಲ್ಲಿ) ಅದೇ ಬಾವಿಗಳ ನೀರು ತೆಗೆದು ಲ್ಯಾಬಿನಲ್ಲಿ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲ ಇಲ್ಲದಾಗ 1,000 ಕೊನೆಯ ಮಿತಿ. ಯೋಜನೆ ಬರುವ ಮೊದಲಿನ ಅಂಕಿ ಇಲ್ಲದಿದ್ದರೆ ನಂತರದ ಅಂಕಿಗೆ ಅರ್ಥವಿಲ್ಲ.

ಈಗ ಯಾವ ಕೋರ್ಟಿನ ಬಾಗಿಲು ಎಂಬ ವಿಚಾರ. ಬೇಡ್ತಿ ಪೂರ್ತಿ ಕರ್ನಾಟಕದ್ದು. ಮಹಾದಾಯಿಗೆ ಹೊಂದಿದ 1956ರ ಅಂತರರಾಜ್ಯ ನದಿನೀರು ವಿವಾದ ಕಾಯ್ದೆ ಇಲ್ಲಿ ಹೊಂದದು, ಹೊಂದಿದರೂ ದೂರು ಕೊಡುವುದು ಸರ್ಕಾರವೇ ಹೊರತು ಊರಿನವರಲ್ಲ. ಆದರೆ ವರದೆಗೆ ಬಿದ್ದ ನೀರು ತುಂಗಭದ್ರೆಯ ಮೂಲಕ ಕೃಷ್ಣಾ ಕೊಳ್ಳದ್ದಾಗುತ್ತದೆ. ಬೇರೆ ನದಿಯಿಂದ ಕೃಷ್ಣೆಗೆ ನೀರು ಸೇರಿದರೆ ಹೆಚ್ಚಿನ ಪಾಲು ಕೇಳಲು ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು ರಾಜ್ಯಗಳಿಗೆ ಅವಕಾಶ ಇಟ್ಟಿದೆ. ಅಂದರೆ ಇಲ್ಲಿಂದ ತಿರುಗಿಸಿದ ನೀರಿಗೆ ಬೇರೆ ರಾಜ್ಯಗಳೂ ಕೈ ಚಾಚಬಹುದು. ಇಷ್ಟು ಬಲವಾದ ಅಂಶ ನಮ್ಮ ಕಡೆಯ ಎಷ್ಟೋ ಮನವಿಗಳಲ್ಲಿ ಕಾಣುವುದೇ ಇಲ್ಲ.

ಅರಣ್ಯ ಅಥವಾ ಪರಿಸರ ಅನುಮತಿಯನ್ನು ಪ್ರಶ್ನಿಸಲು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ. ಮೇಲ್ಮನವಿಗೆ 30 ದಿನ, ಕಾರಣ ಕೊಟ್ಟರೆ ಇನ್ನೂ 60. 91ನೇ ದಿನ ಬಾಗಿಲು ಮುಚ್ಚಿತು. ಡಿಪಿಆರ್ ಹಂತದಲ್ಲೇ ಓಡಿದರೆ ‘ಅವಸರದ ಅರ್ಜಿ’ ಎಂದು ವಜಾ ಆಗುವ ಭಯ, ಕಾಯುತ್ತ ಕೂತರೆ ಅವಧಿ ಮೀರುವ ಭಯ. ಅದಕ್ಕೇ ಪರಿಸರ, ಅರಣ್ಯ ಅನುಮತಿಗಳನ್ನು ಹಾಕುವ ಕೇಂದ್ರದ ಪರಿವೇಶ್ ಜಾಲತಾಣ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ, ಪತ್ರಿಕಾ ಪ್ರಕಟಣೆಯನ್ನು ದಿನಾಂಕ ಸಮೇತ ಕತ್ತರಿಸಿಡಬೇಕು. ವನ್ಯಜೀವಿ ಕಾಯ್ದೆ, ಅರಣ್ಯ ಹಕ್ಕು ಕಾಯ್ದೆ ಎರಡೂ ನ್ಯಾಯಮಂಡಳಿಯ ಪಟ್ಟಿಯಲ್ಲಿಲ್ಲ. ಬೇಡ್ತಿ ಸಂರಕ್ಷಿತ ಮೀಸಲು ಪ್ರದೇಶವನ್ನೋ ಗ್ರಾಮಸಭೆಯ ಠರಾವನ್ನೋ ಮುಖ್ಯ ಆಧಾರ ಮಾಡಿಕೊಂಡವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಹಾಕಬೇಕು. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಹಕ್ಕಿರುವ ಕಾಡು) ಮುಳುಗುವವರು ಆ ಹಕ್ಕಿನ ಬಗ್ಗೆ ಹೇಳುವ ಭೂ ಕಂದಾಯ ಕಾಯ್ದೆಯ 79ನೇ ಕಲಮನ್ನೂ ಅದರಲ್ಲೇ ಸೇರಿಸಬಹುದು.

ಪರಿಹಾರ ಕೇಳದ ಅರ್ಜಿಗೆ ನ್ಯಾಯಮಂಡಳಿಯ ಶುಲ್ಕ 1,000 ರೂಪಾಯಿ. ಕನ್ನಡದ ಠರಾವು, ಅಳತೆ ಹಾಳೆಗಳಿಗೆ ಇಂಗ್ಲಿಷ್ ಪ್ರತಿ ಮೊದಲೇ ಲಗತ್ತಿಸಿ. ಇಲ್ಲದಿದ್ದರೆ ಕಚೇರಿಯ ಆಕ್ಷೇಪಣೆ ಸರಿಪಡಿಸುವುದರಲ್ಲೇ ವಾರಗಳು ಹೋಗುತ್ತವೆ.