ಟಸ್ಕನಿಯಲ್ಲಿ ರೈತರ ಮನೆ ಹುಡುಕಿದ್ದು

ಇಟಲಿಯಲ್ಲಿ ರೈತರು ತಮ್ಮ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವುದಕ್ಕೆ ಅಗ್ರಿಟುರಿಸ್ಮೊ ಅನ್ನುತ್ತಾರೆ. 1985ರಲ್ಲೇ ಇದಕ್ಕೊಂದು ಕಾನೂನು ಬಂತು. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳು ಆಮೇಲೆ. ಆದರೆ ವೆಬ್‌ಸೈಟ್‌ಗಳಲ್ಲಿ ಹುಡುಕಿದರೆ ಮೊದಲು ಕಾಣುವುದು ಈಜುಕೊಳದ ಫೋಟೊ! ಹಾಗಾಗಿ ನಾನು ಮನೆಯವರಿಗೇ ಮೇಲ್ ಹಾಕಿ ಕೇಳುತ್ತಿದ್ದೆ: ನಾವು ಬರುವ ಹೊತ್ತಿಗೆ ನಿಮ್ಮ ತೋಟದಲ್ಲಿ ಏನು ಕೆಲಸ ಇರುತ್ತದೆ? ಕೆಲವರು ಈಜುಕೊಳದ ಬಗ್ಗೆಯೇ ಬರೆದರು. ಒಬ್ಬರು ಮಾತ್ರ, "ಆಲಿವ್ ಕೊಯ್ಲು, ಮಳೆ ಬಂದರೆ ಇಲ್ಲ" ಎಂದರು. ಅಲ್ಲಿಗೇ ಹೋದೆವು.

ಅದು ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಸಿಯೆನಾ ಊರಿನ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ. ದಿಬ್ಬದ ಮೇಲೆ ಒಂಟಿ ಕಲ್ಲಿನ ಮನೆಗಳು, ನೋಡಲು ಚಂದ. ಹಿಂದೆ ಇಂಥ ಮನೆಗಳಲ್ಲಿ ಇದ್ದವರು ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಕೊಡುತ್ತಿದ್ದ ರೈತರು. ನಮ್ಮಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದ ಹಾಗೇ. ಎರಡನೇ ಮಹಾಯುದ್ಧದ ನಂತರ ಜನ ಕಾರ್ಖಾನೆ ಕೆಲಸಕ್ಕೆ ಹೊರಟರು. 1964ರಲ್ಲಿ ಹೊಸದಾಗಿ ಇಂಥ ಪಾಲು ಮಾಡಿಕೊಳ್ಳುವುದನ್ನೇ ಕಾನೂನು ನಿಲ್ಲಿಸಿತು. ಖಾಲಿ ಬಿದ್ದ ಮನೆಗಳು ಉಳಿದದ್ದರಲ್ಲಿ ಪ್ರವಾಸಿಗರ ಬಾಡಿಗೆಗೂ ಪಾಲಿದೆ. ನಾವು ಮಲಗಿದ ಕೆಳಗಿನ ಕೋಣೆ ಒಂದು ಕಾಲದಲ್ಲಿ ಕೊಟ್ಟಿಗೆಯಾಗಿತ್ತಂತೆ.

ಕೊಯ್ಲಿನಲ್ಲಿ ನಾವೂ ಕೈ ಹಾಕಿದೆವು. ಮರದ ಕೆಳಗೆ ಬಲೆ ಹಾಸಿ, ಬಾಚಣಿಗೆಯಂಥ ಕೈಸಾಧನದಿಂದ ಕೊಂಬೆ ಬಾಚುವುದು. ಭುಜ ಸೋತುಹೋಗುತ್ತದೆ. ಕಾಯಿ ರಾಶಿಯಲ್ಲಿ ಜಾಸ್ತಿ ಹೊತ್ತು ಕೂತರೆ ಬಿಸಿಯೇರಿ ಎಣ್ಣೆ ಕೆಡುತ್ತದೆ. ಅದಕ್ಕೇ ಸಂಜೆಗೆಲ್ಲ ಗಾಣಕ್ಕೆ ಸಾಗಿಸುವ ಅವಸರ. ಹೊಸ ಎಣ್ಣೆ ಹಸಿರು, ಗಂಟಲಲ್ಲಿ ಖಾರ ಹತ್ತುತ್ತದೆ.

ಅಲ್ಲಿಂದ ಎಲ್ಬಾ ದ್ವೀಪಕ್ಕೆ. ಪಿಯೊಂಬಿನೊ ಬಂದರಿನಿಂದ ಕಾರಿನ ಸಮೇತ ಫೆರ್ರಿ ಹತ್ತಿದರೆ ಸುಮಾರು ಒಂದು ಗಂಟೆ. 1814ರಲ್ಲಿ ಗಡೀಪಾರಾಗಿ ಇಲ್ಲಿಗೆ ಬಂದ ನೆಪೋಲಿಯನ್ ಮರುವರ್ಷವೇ ತಪ್ಪಿಸಿಕೊಂಡ. ಬಂದವರೆಲ್ಲ ಅವನ ಮನೆ ನೋಡಲು ಓಡುತ್ತಾರೆ. ನನಗೆ ಹಿಡಿಸಿದ್ದು ಗುಡ್ಡಕ್ಕೆ ಕಲ್ಲು ಕಟ್ಟಿ ಮಾಡಿದ ದ್ರಾಕ್ಷಿ ತೋಟಗಳು. ಚಳಿಗಾಲದಲ್ಲಿ ಇಲ್ಲಿ ಎಷ್ಟೋ ಮನೆಗಳು ಬಾಗಿಲು ಹಾಕುತ್ತವೆ, ಕೇಳಿಕೊಂಡೇ ಹೊರಡಿ.

ಬಸ್ಸು ನಂಬಿದರೆ ಇಂಥ ಮನೆ ತಲುಪುವುದು ಕಷ್ಟ. ಕಾರು ಬೇಕು, ಅದಕ್ಕೆ ಹೊರಡುವ ಮುಂಚೆ ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಹಳೆ ಊರುಗಳ ಒಳಗೆ 'ಝಡ್‌ಟಿಎಲ್' (ಅನುಮತಿ ಇಲ್ಲದ ವಾಹನ ಒಳಗೆ ಬರುವಂತಿಲ್ಲ ಎಂದರ್ಥ) ಬೋರ್ಡು ಕಂಡರೆ ಕಾರನ್ನು ಹೊರಗೇ ನಿಲ್ಲಿಸಿ. ಕ್ಯಾಮೆರಾ ನೋಡಿ ದಂಡ ಮನೆಗೇ ಬರುತ್ತದೆ. ಸಸ್ಯಾಹಾರಿಗಳು ಪೆಕೊರಿನೊ ಚೀಸ್ ಬಗ್ಗೆ ಮೊದಲೇ ವಿಚಾರಿಸಬೇಕು. ಕುರಿ ಹಾಲು ಸರಿ, ಹಾಲು ಒಡೆಯಲು ಹಾಕುವುದು ಸಾಮಾನ್ಯವಾಗಿ ಕರು ಇಲ್ಲವೇ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್.